ಗಾಲಿಯ ಮನೆ, ಕಾಲ್ನಡೆಯ ನಾಡು

ನಾರ್ವೆಯ ಶಾಸನಸಭೆ ೧೯೫೭ರ ಜೂನ್ ತಿಂಗಳಿನಲ್ಲಿ ಒಂದು ಕಾಯಿದೆಯನ್ನು ಅಂಗೀಕರಿಸಿತು. ಉಳುಮೆಗೆ ಒಳಪಡದ ಕಾಡು, ಬೆಟ್ಟ, ಜವುಗು, ಕಡಲ ಕರೆ ಇವು ಯಾರ ಸ್ವತ್ತಾಗಿದ್ದರೂ ಸರಿಯೆ, ಅಲ್ಲಿ ಯಾವ ಮನುಷ್ಯನಾದರೂ ಯಾರ ಅಪ್ಪಣೆಯನ್ನೂ ಬೇಡದೆ ಕಾಲ್ನಡೆಯಲ್ಲಿ ಸಂಚರಿಸಬಹುದು, ಜನವಸತಿಯ ಮನೆಯಿಂದ ೧೫೦ ಮೀಟರು ದೂರದಲ್ಲಿ ಗುಡಾರ ಹೂಡಿ ಎರಡು ರಾತ್ರಿಗಳ ಕಾಲ ತಂಗಬಹುದು ಎಂಬುದು ಅದರ ಸಾರ. ಜನ ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದ ಸಂಪ್ರದಾಯಕ್ಕೆ ಆ ಕಾಯಿದೆ ಬರಹದ ರೂಪವನ್ನು ಕೊಟ್ಟಿತೇ ಹೊರತು ಹೊಸ ಹಕ್ಕನ್ನೇನೂ ಸೃಷ್ಟಿಸಲಿಲ್ಲ. ನೆರೆಯ ಸ್ವೀಡನ್ ೧೯೯೪ರಲ್ಲಿ ಇಂಥದೇ ಹಕ್ಕನ್ನು ತನ್ನ ಸಂವಿಧಾನದೊಳಗೆ ಸೇರಿಸಿಕೊಂಡಿತು. ಫಿನ್ಲೆಂಡಿನಲ್ಲಿಯೂ ಅದು ಪರಂಪರೆಯ ಹಕ್ಕಾಗಿ ಉಳಿದು ಬಂದಿದೆ. ಭೂಮಿಯ ಒಡೆತನ ಒಬ್ಬನದಾದರೂ ಅದರ ಚೆಲುವಿನ ಅನುಭೋಗ ಸರ್ವರಿಗೂ ಸೇರಿದ್ದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡು, ಒಪ್ಪಿಕೊಂಡದ್ದನ್ನು ಇಷ್ಟು ಸೌಜನ್ಯದಿಂದ ಆಚರಿಸುತ್ತಿರುವ ಸಮಾಜಗಳು ಲೋಕದಲ್ಲಿ ವಿರಳವೆಂದೇ ನನ್ನ ಭಾವನೆ.

ಮೋಟರ್‌ಹೋಮಿನಲ್ಲಿ ಸ್ಕ್ಯಾಂಡಿನೇವಿಯಾ ಸುತ್ತಬೇಕೆಂದು ಸಂಕಲ್ಪಿಸುವವರು ಈ ಹಕ್ಕಿನ ಸುದ್ದಿಯನ್ನು ಮೊದಲು ಕೇಳುತ್ತಾರೆ. ಕೇಳಿದೊಡನೆ, ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ ಎಲ್ಲವನ್ನೂ ಒಳಗೊಂಡ ತಮ್ಮ ಗಾಲಿಯ ಮನೆಯನ್ನು ಮನಸ್ಸಿಗೆ ಬಂದ ಕೊಳದ ದಡದಲ್ಲಿ, ಮನಸ್ಸಿಗೆ ಬಂದಷ್ಟು ದಿನ ನಿಲ್ಲಿಸಿಕೊಳ್ಳಬಹುದೆಂದು ಎಣಿಸಿಬಿಡುತ್ತಾರೆ. ಆದರೆ ಈ ಹಕ್ಕು ಕಾಲಿಗೆ ಸೇರಿದ್ದು, ಸ್ಕೀ ಹಲಗೆಗೆ ಸೇರಿದ್ದು, ದೋಣಿಯ ಹುಟ್ಟಿಗೆ ಸೇರಿದ್ದು. ಯಂತ್ರದ ಗಾಲಿಗೆ ಅದು ಸಲ್ಲುವುದಿಲ್ಲ. ರಸ್ತೆಯನ್ನು ಬಿಟ್ಟು ನೆಲದ ಮೇಲೆ ವಾಹನ ಓಡಿಸುವುದನ್ನು ಸ್ವೀಡನ್ ೧೯೭೫ರ ಕಾನೂನಿನಿಂದಲೂ ನಾರ್ವೆ ೧೯೭೭ರ ಕಾನೂನಿನಿಂದಲೂ ನಿಷೇಧಿಸಿವೆ. ಉತ್ತರ ಧ್ರುವದ ಸಮೀಪದ ನೆಲದಲ್ಲಿ ಪಾಚಿಯೂ ಕಲ್ಲುಹೂವೂ ಬೆಳೆಯುವ ಗತಿ ಅತಿ ಮಂದವಾದದ್ದರಿಂದ, ಒಂದು ಭಾರವಾದ ಗಾಡಿ ಒಂದು ಸಲ ಹಾಯ್ದು ಮೂಡಿಸಿದ ಗೆರೆ ಹಲವು ವರ್ಷಗಳವರೆಗೆ ಮಾಯದೆ ಉಳಿಯುತ್ತದೆ ಎಂಬುದನ್ನು ತಿಳಿದವರಿಗೆ ಈ ನಿಷೇಧದಲ್ಲಿ ಅನ್ಯಾಯವೇನೂ ಕಾಣಲಾರದು. ಕಾಲಿಗೆ ಎಲ್ಲವನ್ನೂ ಕೊಟ್ಟು ಗಾಲಿಗೆ ಕೊಂಚವನ್ನೇ ಕೊಟ್ಟಿರುವ ನಾಡಿಗೆ ಗಾಲಿಯ ಮೇಲೆ ಹೋಗುತ್ತಿದ್ದೇವೆಂಬ ಅರಿವಿನಿಂದ ಹೊರಟರೆ ಪ್ರಯಾಣದ ಮಿಕ್ಕ ನಿರ್ಧಾರಗಳೆಲ್ಲ ತಾವಾಗಿಯೇ ಸರಿಯಾದ ದಾರಿಗೆ ಬರುತ್ತವೆ.

ರಾತ್ರಿಯ ತಂಗುದಾಣದ ವಿಷಯವನ್ನು ಮೊದಲು ನೋಡೋಣ. ಡೆನ್ಮಾರ್ಕಿನಲ್ಲಿ ಮೇಲೆ ಹೇಳಿದಂಥ ಸಾರ್ವಜನಿಕ ಹಕ್ಕೇ ಇಲ್ಲವಾದ್ದರಿಂದ ಅಲ್ಲಿ ಕ್ಯಾಂಪಿಂಗ್ ತಾಣಗಳನ್ನೋ, ಮೋಟರ್‌ಹೋಮುಗಳಿಗೆಂದೇ ಗೊತ್ತುಮಾಡಿದ ನಿಲ್ದಾಣಗಳನ್ನೋ ಆಶ್ರಯಿಸತಕ್ಕದ್ದು. ಸ್ವೀಡನ್ನಿನ ಹೆದ್ದಾರಿಗಳ ಮಗ್ಗುಲಲ್ಲಿರುವ ವಿಶ್ರಾಂತಿ ತಾಣಗಳಲ್ಲಿ, ಬೇರೆ ಫಲಕವಿಲ್ಲದ ಪಕ್ಷದಲ್ಲಿ, ಸಾಮಾನ್ಯವಾಗಿ ೨೪ ಗಂಟೆಗಳ ಕಾಲ ನಿಲ್ಲಬಹುದು. ಹಲವೆಡೆ ಅವು ಸರೋವರದ ಅಂಚಿನಲ್ಲಿ, ಮರದ ಮೇಜು ಬೆಂಚುಗಳೊಡನೆ, ಶುಚಿಯಾದ ಶೌಚಾಲಯಗಳೊಡನೆ ಅಣಿಯಾಗಿರುತ್ತವೆ. ನಾರ್ವೆಯಲ್ಲಿ ಊರಿನ ಬಂದರುಕಟ್ಟೆಯ ಬಳಿ ಅಲ್ಪ ಶುಲ್ಕಕ್ಕೆ ಜಾಗ ಸಿಗುವುದುಂಟು. ಲೊಫೊಟೆನ್ ದ್ವೀಪಗಳಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು: ಕೆಲವೇ ಜನ ವಾಸಿಸುವ, ಕಡಲಿಗೂ ಕಡಿದಾದ ಬೆಟ್ಟಕ್ಕೂ ನಡುವೆ ಒಂದೇ ರಸ್ತೆಯಿರುವ ಬೆಸ್ತರ ಹಳ್ಳಿಗಳಿಗೆ ಬೇಸಿಗೆಯಲ್ಲಿ ಗಾಡಿಗಳು ಸಾಲುಗಟ್ಟಿ ನುಗ್ಗತೊಡಗಿದ ಮೇಲೆ, ರಾತ್ರಿ ತಂಗುವುದನ್ನು ನಿಷೇಧಿಸುವ ಫಲಕಗಳು ಅಲ್ಲಿ ತಿರುವು ತಿರುವಿಗೂ ಎದ್ದು ನಿಂತಿವೆ. ಆ ಫಲಕದ ಹಿಂದೆ ಒಬ್ಬ ಗೃಹಸ್ಥನ ಬೇಸರವಿದೆ. ಅವನ ಹುಲ್ಲುಗಾವಲಿನಲ್ಲಿ ಯಾರೋ ಬಚ್ಚಲು ನೀರನ್ನು ಚೆಲ್ಲಿ ಹೋಗಿರುತ್ತಾರೆ. ತಲೆಮಾರುಗಳ ಪರಸ್ಪರ ವಿಶ್ವಾಸದಿಂದ ಉಳಿದು ಬಂದ ಒಂದು ಸಂಪ್ರದಾಯ ಅತಿಥಿಗಳ ಅಲಕ್ಷ್ಯದಿಂದ ತೆಳುವಾಗುತ್ತಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ. ಆದುದರಿಂದ ಕ್ಯಾಂಪಿಂಗ್ ತಾಣಕ್ಕೆ ತೆರುವ ಹಣವನ್ನು ದಂಡವೆಂದು ಬಗೆಯಬಾರದು. ಎರಡು ಮೂರು ರಾತ್ರಿಗೊಮ್ಮೆಯಾದರೂ ಅಲ್ಲಿ ತಂಗಿ, ಕೊಳೆನೀರನ್ನೂ ಶೌಚದ ಪೆಟ್ಟಿಗೆಯನ್ನೂ ಅದಕ್ಕೆಂದೇ ಇರುವ ಗುಂಡಿಯಲ್ಲಿ ಬರಿದು ಮಾಡಿ, ಒಳ್ಳೆಯ ನೀರನ್ನು ತುಂಬಿಕೊಂಡು, ಬಟ್ಟೆ ಒಗೆದು ಮುಂದಕ್ಕೆ ಹೋಗುವುದು ಒಳ್ಳೆಯ ಕ್ರಮ. ಬಯಲಿನಲ್ಲಿ ಬೆಂಕಿ ಹೊತ್ತಿಸುವ ಆಸೆಯುಳ್ಳವರು ನಾರ್ವೆಯ ಕಾಡಿನ ಆಸುಪಾಸಿನಲ್ಲಿ ಏಪ್ರಿಲ್ ೧೫ರಿಂದ ಸೆಪ್ಟೆಂಬರ್ ೧೫ರವರೆಗೆ ಅದಕ್ಕೆ ನಿಷೇಧವಿದೆಯೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ಇನ್ನು ವಾಹನದ ಆಯ್ಕೆ. ಬಾಡಿಗೆಗೆ ಕೊಡುವವರು ತೋರಿಸುವ ಚಿತ್ರಗಳಲ್ಲಿ ಉದ್ದನೆಯ ಗಾಡಿಗಳು ಬಹಳ ಆಕರ್ಷಕವಾಗಿ ಕಾಣುತ್ತವೆ. ಆದರೆ ಈ ಪ್ರದೇಶದಲ್ಲಿ ೬ ಮೀಟರೆಂಬುದು ಒಂದು ಗಡಿರೇಖೆಯಂತೆ ಕೆಲಸ ಮಾಡುತ್ತದೆ. ಕೋಪನ್‌ಹೇಗನ್ ನಗರವನ್ನೂ ಸ್ವೀಡನ್ನಿನ ಮಾಲ್ಮೋ ನಗರವನ್ನೂ ಬೆಸೆಯುವ, ೨೦೦೦ದ ಜುಲೈ ೧ರಂದು ತೆರೆದ ಓರೆಸುಂಡ್ ಮಾರ್ಗವನ್ನೇ ನೋಡಿ. ಸುಮಾರು ೮ ಕಿಲೋಮೀಟರು ಸೇತುವೆ, ೪ ಕಿಲೋಮೀಟರು ಮಾನವನಿರ್ಮಿತ ದ್ವೀಪ, ೪ ಕಿಲೋಮೀಟರು ಕಡಲಡಿಯ ಸುರಂಗ, ಹೀಗೆ ಒಟ್ಟು ೧೬ ಕಿಲೋಮೀಟರಿನ ಈ ಅದ್ಭುತ ರಚನೆಯಲ್ಲಿ ೬ ಮೀಟರಿಗಿಂತ ಉದ್ದವಾದ ಗಾಡಿಗೆ ಸುಂಕ ಹೆಚ್ಚು. ನಾರ್ವೆಯ ಫೆರಿಗಳ ದರವೂ ವಾಹನದ ಉದ್ದವನ್ನು ಅವಲಂಬಿಸಿದೆ. ಸುಂಕದ ಮಾತಂತಿರಲಿ, ಒಂದೇ ಗಾಡಿ ಹಿಡಿಯುವಷ್ಟು ಅಗಲದ ಬೆಟ್ಟದ ರಸ್ತೆಯಲ್ಲಿ ಹಿಂದಕ್ಕೆ ಸರಿಯಬೇಕಾಗಿ ಬಂದಾಗ ಒಂದೊಂದು ಅಡಿಯ ಉದ್ದವೂ ಲೆಕ್ಕಕ್ಕೆ ಬರುತ್ತದೆ. ದಂಪತಿಗಳಿಗೋ, ಒಂದು ಚಿಕ್ಕ ಮಗುವಿರುವ ಸಂಸಾರಕ್ಕೋ ೬ ಮೀಟರಿನೊಳಗಿನ ವ್ಯಾನು ಧಾರಾಳವಾಗಿ ಸಾಕು.

ತೂಕದ ಪ್ರಶ್ನೆಯನ್ನು ಬಹುಮಂದಿ ಯೋಚಿಸುವುದೇ ಇಲ್ಲ. ಯುರೋಪಿನಲ್ಲಿ ಈಗ ಸಾಮಾನ್ಯ ಕಾರಿನ ಲೈಸೆನ್ಸಿನ ಮೇಲೆ ಓಡಿಸಬಹುದಾದ ವಾಹನದ ಗರಿಷ್ಠ ತೂಕ, ಸಾಮಾನು ಸರಂಜಾಮು ಮನುಷ್ಯರೆಲ್ಲ ಸೇರಿ, ೩,೫೦೦ ಕಿಲೋಗ್ರಾಮು. ಮೋಟರ್‌ಹೋಮು ಬರಿದಾಗಿರುವಾಗಲೇ ೩,೦೦೦ ಕಿಲೋಗ್ರಾಮಿನ ಸಮೀಪ ಇರುವುದುಂಟು. ೧೦೦ ಲೀಟರು ನೀರು ತುಂಬಿದರೆ ಅದೇ ೧೦೦ ಕಿಲೋಗ್ರಾಮಾಯಿತು. ನಾಲ್ವರು ಪ್ರಯಾಣಿಕರು, ಅವರ ಉಣ್ಣೆಯ ಬಟ್ಟೆಗಳು, ಅಕ್ಕಿ ಬೇಳೆ, ಸೈಕಲ್ಲುಗಳು ಸೇರಿದಾಗ ಮಿತಿ ಮೀರುವುದಕ್ಕೆ ಬಹಳ ಹೊತ್ತು ಬೇಡ. ರಸ್ತೆಬದಿಯಲ್ಲಿ ಅಧಿಕಾರಿಗಳು ಗಾಡಿಯನ್ನು ತಡೆದು ತೂಗಬಲ್ಲರು. ನೀರಿನ ತೊಟ್ಟಿಯನ್ನು ಅರ್ಧ ಮಾತ್ರ ತುಂಬಿಕೊಂಡು ಹೊರಡುವುದು ಅನುಭವಿಗಳ ರೂಢಿ, ಏಕೆಂದರೆ ಒಳ್ಳೆಯ ನೀರಿಗೆ ಆ ನಾಡಿನಲ್ಲಿ ಬರವಿಲ್ಲ. ಒಲೆಗೂ ಹೀಟರಿಗೂ ಬೇಕಾದ ಗ್ಯಾಸ್ ಸಿಲಿಂಡರಿನ ವಿಷಯದಲ್ಲಿ ಎರಡು ಸಂಗತಿ ತಿಳಿದಿರಬೇಕು. ಬ್ಯುಟೇನ್ ಅನಿಲ ಸೊನ್ನೆ ಡಿಗ್ರಿಯ ಸುಮಾರಿಗೆ ಆವಿಯಾಗುವುದನ್ನು ನಿಲ್ಲಿಸಿಬಿಡುತ್ತದೆ, ಪ್ರೊಪೇನ್ ಮಾತ್ರ ಮೈನಸ್ ೪೨ ಡಿಗ್ರಿಯವರೆಗೂ ಕೆಲಸ ಕೊಡುತ್ತದೆಯಾದ್ದರಿಂದ ಪ್ರೊಪೇನನ್ನೇ ಕೇಳಿ ಪಡೆಯಬೇಕು. ಅಲ್ಲದೆ ಒಂದು ದೇಶದ ಸಿಲಿಂಡರಿನ ಬಾಯಿ ಇನ್ನೊಂದು ದೇಶದ ಕೊಳವೆಗೆ ಹೊಂದುವ ಭರವಸೆಯಿಲ್ಲವಾದ್ದರಿಂದ, ಜರ್ಮನಿಯಲ್ಲಿ ಗಾಡಿ ಹಿಡಿದವರು ಉತ್ತರದಲ್ಲಿ ಸಿಲಿಂಡರು ಬದಲಾಯಿಸುವ ಬಗೆ ಹೇಗೆಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಯಾವ ಋತುವಿನಲ್ಲಿ ಹೋಗಬೇಕು? ಬೇಸಿಗೆಯಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲಿಯ ಬೇಸಿಗೆ ಒಂದೇ ಬಣ್ಣದ್ದಲ್ಲ. ಮೇ ತಿಂಗಳ ನಡುವಿನಲ್ಲಿ ಹಾರ್ಡಾಂಗೆರ್ ಫ್ಯೋರ್ಡಿನ, ಅಂದರೆ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಡಲ ತೋಳಿನ, ಇಳಿಜಾರುಗಳಲ್ಲಿ ಸೇಬಿನ ತೋಟಗಳು ಹೂ ತಳೆದು ನಿಂತಿರುವಾಗಲೇ, ಮೇಲಿನ ಬೆಟ್ಟದ ರಸ್ತೆಗಳಲ್ಲಿ ಹಿಮ ಕೊರೆದ ಗೋಡೆಗಳು ಇಕ್ಕೆಲದಲ್ಲಿಯೂ ಗಾಡಿಗಿಂತ ಎತ್ತರವಾಗಿ ನಿಂತಿರುವುದುಂಟು. ಉತ್ತರ ಯುರೋಪಿನಲ್ಲಿಯೇ ಅತ್ಯುನ್ನತವೆನಿಸಿದ, ೧,೪೩೪ ಮೀಟರು ಎತ್ತರಕ್ಕೆ ಏರುವ ಸೊಗ್ನೆಫ್ಯೆಲ್ ಕಣಿವೆದಾರಿ ಚಳಿಗಾಲವಿಡೀ ಮುಚ್ಚಿದ್ದು ಹಿಮವನ್ನು ಸರಿಸಿದ ಮೇಲೆಯೇ ತೆರೆಯುತ್ತದೆ; ತೆರೆಯುವ ದಿನ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಿಮ ಕರಗುವ ಜೂನ್ ತಿಂಗಳ ಮೊದಲರ್ಧದಲ್ಲಿ ಜಲಪಾತಗಳು ಮೈದುಂಬಿರುತ್ತವೆ, ಜನಸಂದಣಿ ಇನ್ನೂ ಬಂದಿರುವುದಿಲ್ಲ. ಪಶ್ಚಿಮ ನಾರ್ವೆಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲವೆಂದು ನಾನು ಬಲ್ಲೆ. ಜುಲೈ ತಿಂಗಳಲ್ಲಿ ಸ್ವೀಡನ್ನಿನವರೂ ನಾರ್ವೆಯವರೂ ಒಟ್ಟಾಗಿ ರಜೆಗೆ ಹೊರಡುತ್ತಾರೆ, ಫೆರಿಗಳ ಮುಂದೆ ಸಾಲು ಬೆಳೆಯುತ್ತದೆ. ಅದೇ ಕಾಲದಲ್ಲಿ ಉತ್ತರದ ಲ್ಯಾಪ್‌ಲೆಂಡಿನ ಜವುಗುಗಳಲ್ಲಿ ಸೊಳ್ಳೆಗಳು ಮೋಡ ಕವಿದಂತೆ ಏಳುವುದರಿಂದ, ಕಿಟಕಿಗೆ ಜಾಲರಿಯಿಲ್ಲದ ಗಾಡಿಯಲ್ಲಿ ಅಲ್ಲಿಗೆ ಹೋಗುವುದು ತರವಲ್ಲ.

ಬೆಳಕಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಧ್ರುವವೃತ್ತದ ಉತ್ತರಕ್ಕೆ ನಡುಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ. ನಾರ್ವೆಯ ಉತ್ತರ ತೀರದ ನಾರ್ತ್ ಕೇಪಿನಲ್ಲಿ ಮೇ ನಡುವಿನಿಂದ ಜುಲೈ ಕೊನೆಯವರೆಗೂ ಅದು ದಿಗಂತದ ಮೇಲೆಯೇ ಸುತ್ತು ಹಾಕುತ್ತಿರುತ್ತದೆ. ಇದನ್ನು ಕಾಣಬೇಕೆಂಬ ಹಂಬಲ ಸಹಜವೇ. ಆದರೆ ಕತ್ತಲಾಗದ ನಾಡಿನಲ್ಲಿ ದೇಹಕ್ಕೆ ದಣಿವಿನ ಸೂಚನೆ ಸಿಗುವುದಿಲ್ಲ. ಸಂಜೆಯಾಯಿತೆಂದು ಹೇಳುವವರಿಲ್ಲದೆ ಗಾಡಿ ಓಡಿಸುವವನು ರಾತ್ರಿ ಹನ್ನೊಂದಕ್ಕೂ ಸ್ಟಿಯರಿಂಗ್ ಹಿಡಿದೇ ಇರುತ್ತಾನೆ. ಗಡಿಯಾರವನ್ನು ನಂಬಿ ನಿಲ್ಲುವ ಅಭ್ಯಾಸವೂ, ಕಿಟಕಿಗಳಿಗೆ ದಪ್ಪನೆಯ ಪರದೆಯೂ ಅಲ್ಲಿ ಅನಿವಾರ್ಯ. ಉತ್ತರಕ್ಕೇ ಹೋಗಬೇಕೆನ್ನುವವರಿಗೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗಿನ ಕಾಲವನ್ನು ನಾನು ಸೂಚಿಸುತ್ತೇನೆ. ಸೊಳ್ಳೆ ಕಡಮೆಯಾಗಿ, ಕುಳ್ಳಾದ ಬರ್ಚ್ ಮರಗಳೂ ನೆಲದ ಪೊದೆಗಳೂ ಹಳದಿ ಕೆಂಪುಗಳಿಗೆ ತಿರುಗಿ, ರಾತ್ರಿಗೆ ಕತ್ತಲೆ ಮರಳಿ ಬಂದಿರುತ್ತದೆ. ಆಕಾಶ ತಿಳಿಯಾಗಿದ್ದರೆ ಧ್ರುವಪ್ರಭೆಯೂ ಕಂಡೀತು. ಆದರೆ ಆಗ ಹಲವು ಕ್ಯಾಂಪಿಂಗ್ ತಾಣಗಳು ಬಾಗಿಲು ಹಾಕತೊಡಗಿರುತ್ತವೆ, ಮೊದಲೇ ವಿಚಾರಿಸಬೇಕು.

ಈಗ ಮಾರ್ಗಕ್ಕೆ ಬರೋಣ. ಭೂಪಟವನ್ನು ಹರಡಿಕೊಂಡು ಕುಳಿತವನ ಬೆರಳು ಯಾವ ಕಾರಣಕ್ಕೋ ಮೇಲಕ್ಕೇ ಸರಿಯುತ್ತದೆ, ನಾರ್ತ್ ಕೇಪಿಗೆ ಮುಟ್ಟಿದ ಮೇಲೆಯೇ ನಿಲ್ಲುತ್ತದೆ. ಈ ಸೆಳೆತ ಇಂದಿನದಲ್ಲ. ೧೬೬೪ರಲ್ಲಿಯೇ ಇಟಲಿಯ ಪಾದ್ರಿ ಫ್ರಾಂಚೆಸ್ಕೊ ನೇಗ್ರಿ ಅಲ್ಲಿಯವರೆಗೆ ಹೋಗಿ ಬಂದ. ೧೮೭೩ರಲ್ಲಿ ಸ್ವೀಡನ್-ನಾರ್ವೆಗಳ ರಾಜ ಎರಡನೆಯ ಆಸ್ಕರ್, ೧೯೦೭ರಲ್ಲಿ ಸಯಾಮಿನ ದೊರೆ ಚುಲಾಲಂಕರಣ ಅಲ್ಲಿಗೆ ಭೇಟಿಯಿತ್ತರು. ಕಡಲಿನಿಂದ ೩೦೭ ಮೀಟರು ನೆಟ್ಟಗೆ ಎದ್ದು ನಿಂತ ಆ ಬಂಡೆಯ ನೆತ್ತಿಗೆ ರಸ್ತೆ ಬಂದದ್ದು ೧೯೫೬ರಲ್ಲಿ. ಅದಿರುವ ಮಾಗೆರೊಯಾ ದ್ವೀಪಕ್ಕೆ ಕಡಲಡಿಯ ಸುರಂಗ ತೆರೆದದ್ದು ೧೯೯೯ರಲ್ಲಿ. ಗಾಡಿ ನೇರವಾಗಿ ಬಂಡೆಯ ಮೇಲಕ್ಕೇ ಹೋಗುತ್ತದೆ. ಆದರೆ ಅದೇ ದ್ವೀಪದಲ್ಲಿ, ನಾರ್ತ್ ಕೇಪಿಗಿಂತಲೂ ಉತ್ತರಕ್ಕೆ ಒಂದೂವರೆ ಕಿಲೋಮೀಟರಿನಷ್ಟು ಚಾಚಿಕೊಂಡಿರುವ ತಗ್ಗಾದ ನಾಲಗೆಯೊಂದುಂಟು. ಅದರ ಹೆಸರು ಕ್ನಿವ್‌ಶೆಲೊಡ್ಡೆನ್. ಅಲ್ಲಿಗೆ ರಸ್ತೆಯಿಲ್ಲ. ಗಾಡಿಯನ್ನು ಹೆದ್ದಾರಿಯ ಪಕ್ಕದಲ್ಲಿ ನಿಲ್ಲಿಸಿ, ಬೋಳು ಬಯಲಿನಲ್ಲಿ ೯ ಕಿಲೋಮೀಟರು ನಡೆದು ಹೋಗಿ, ಮತ್ತೆ ೯ ಕಿಲೋಮೀಟರು ನಡೆದು ಬರಬೇಕು. ನಾರ್ತ್ ಕೇಪಿಗೆ ಹೋಗುವವರೆಲ್ಲ ಒಂದು ದಿನವನ್ನು ಆ ನಡಿಗೆಗೆ ಮೀಸಲಿಡಲಿ ಎಂದು ನನ್ನ ಆಶೆ. ಗಾಲಿ ನಿಂತಲ್ಲಿ ಕಾಲು ಮುಂದುವರಿಯುವುದೆಂದರೇನೆಂದು ಆಗ ತಿಳಿಯುತ್ತದೆ.

ಆದರೂ ಎರಡು ವಾರಗಳ ರಜೆಯಲ್ಲಿ ನಾರ್ತ್ ಕೇಪಿಗೆ ಹೋಗಿಬರುವ ಯೋಜನೆಯನ್ನು ಯಾರಾದರೂ ನನ್ನ ಮುಂದೆ ಇಟ್ಟರೆ, ದಯವಿಟ್ಟು ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ಆಸ್ಲೋ ನಗರದಿಂದಲೇ ಹೊರಟರೂ ಅದು ಸುಮಾರು ೨,೦೦೦ ಕಿಲೋಮೀಟರು, ಹೋದಷ್ಟೇ ಮತ್ತೆ ಬರಬೇಕು. ನಾರ್ವೆಯಲ್ಲಿ ಊರ ಹೊರಗಿನ ಸಾಮಾನ್ಯ ವೇಗಮಿತಿ ಗಂಟೆಗೆ ೮೦ ಕಿಲೋಮೀಟರು. ತಿರುವು, ಫೆರಿ, ಸುರಂಗ, ಏರಿಳಿತಗಳೆಲ್ಲ ಸೇರಿದ ಮೇಲೆ ಪಶ್ಚಿಮ ತೀರದಲ್ಲಿ ಗಂಟೆಗೆ ಸರಾಸರಿ ೫೦ ಕಿಲೋಮೀಟರು ಸಾಗಿದರೆ ಅದೇ ಹೆಚ್ಚು. ದಿನಕ್ಕೆ ೧೫೦ರಿಂದ ೨೦೦ ಕಿಲೋಮೀಟರು ಎಂದು ಲೆಕ್ಕವಿಟ್ಟುಕೊಂಡವನಿಗೆ ಮಾತ್ರ ಇಳಿದು ನಡೆಯುವುದಕ್ಕೆ, ಅಡುಗೆ ಮಾಡಿಕೊಳ್ಳುವುದಕ್ಕೆ, ಮಳೆ ಬಂದರೆ ಒಂದು ದಿನ ಸುಮ್ಮನೆ ಕುಳಿತಿರುವುದಕ್ಕೆ ಪುರಸೊತ್ತಾದೀತು. ಎರಡು ವಾರವಿದ್ದರೆ ಹಾರ್ಡಾಂಗೆರ್, ಸೊಗ್ನೆ, ಗೈರಾಂಗೆರ್ ಫ್ಯೋರ್ಡುಗಳ ಪಶ್ಚಿಮ ನಾರ್ವೆಯೊಂದೇ ಸಾಕು. ಅದರಲ್ಲಿ ಗೈರಾಂಗೆರ್ ಮತ್ತು ನ್ಯಾರೊಯ್ ಫ್ಯೋರ್ಡುಗಳು ೨೦೦೫ರಿಂದ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಯಲ್ಲಿವೆ.

ನಾಲ್ಕು ವಾರ ಅಥವಾ ಹೆಚ್ಚು ದಿನವುಳ್ಳವರು ಸ್ವೀಡನ್ನಿನ ಮೂಲಕ ಮೇಲಕ್ಕೆ ಹತ್ತಿ ನಾರ್ವೆಯ ಮೂಲಕ ಕೆಳಕ್ಕೆ ಇಳಿಯುವುದು ಉಚಿತ. ಸ್ವೀಡನ್ನಿನ ರಸ್ತೆಗಳು ನೇರವಾಗಿಯೂ ಅಗಲವಾಗಿಯೂ ಇದ್ದು, ಕಾಡಿನ ನಡುವೆ ದೂರ ಬೇಗ ಸವೆಯುತ್ತದೆ. ಹೊಸ ಗಾಡಿಗೆ ಕೈ ಹೊಂದಿಕೊಳ್ಳಲು ಅನುಕೂಲ. ದಾರಿಯಲ್ಲಿ ಬೋತ್ನಿಯಾ ಕೊಲ್ಲಿಯ ಬದಿಗೆ ಹೋಗಾ ಕುಸ್ಟೆನ್ ಎಂಬ ಎತ್ತರದ ಕರಾವಳಿಯಲ್ಲಿ ಎರಡು ದಿನವಾದರೂ ನಿಲ್ಲಬೇಕು. ಹಿಮಯುಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪನಾದ ಮಂಜುಗಡ್ಡೆಯ ಭಾರದಿಂದ ಕುಗ್ಗಿದ್ದ ಅಲ್ಲಿಯ ನೆಲ, ಆ ಭಾರ ಕರಗಿಹೋದ ಮೇಲೆ ಮೆಲ್ಲಮೆಲ್ಲನೆ ಮೇಲಕ್ಕೇಳುತ್ತ, ಈಗಲೂ ವರ್ಷಕ್ಕೆ ಸುಮಾರು ೮ ಮಿಲಿಮೀಟರಿನಂತೆ ಏಳುತ್ತಲೇ ಇದೆ; ಹಿಂದೊಮ್ಮೆ ಅಲೆಗಳು ಉರುಳಿಸಿದ ಗುಂಡುಕಲ್ಲುಗಳ ದಂಡೆ ಇಂದು ಕಡಲಿಗಿಂತ ೨೮೦ ಮೀಟರಿಗೂ ಮೇಲೆ ಕಾಡಿನೊಳಗೆ ಸಿಗುತ್ತದೆ. ಕಿರುನಾ ಊರನ್ನು ದಾಟಿ, ಅಬಿಸ್ಕೊ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿ ಹಾದು, ನಾರ್ವಿಕ್ ಬಳಿ ನಾರ್ವೆಗೆ ಇಳಿದರೆ ಲೊಫೊಟೆನ್ ಹತ್ತಿರವೇ. ಅಲ್ಲಿಂದ ಮೊಸ್ಕೆನೆಸ್‌ನಲ್ಲಿ ಫೆರಿ ಹತ್ತಿ ಬೋಡೋ ನಗರಕ್ಕೆ ಬಂದು ದಕ್ಷಿಣಕ್ಕೆ ತಿರುಗಬಹುದು. ಫಿನ್ಲೆಂಡನ್ನೂ ಇದೇ ಪ್ರವಾಸದಲ್ಲಿ ಸೇರಿಸುವ ಆಸೆಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳುವುದು ಲೇಸು.

ಫೆರಿಯ ಸಂಗತಿಯನ್ನು ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ಮೊದಲ ಸಲ ಹೋಗುವವರ ಮನಸ್ಸಿನಲ್ಲಿ ಅದರದೇ ಅಳುಕು. ಸೊಗ್ನೆ ಫ್ಯೋರ್ಡಿನ ಲಾವಿಕ್ ಎಂಬಲ್ಲಿ ಹೆದ್ದಾರಿ ನೇರವಾಗಿ ನೀರಿನ ಅಂಚಿಗೆ ಬಂದು ನಿಲ್ಲುತ್ತದೆ. ಗೆರೆ ಎಳೆದು ಅಂಕಿ ಬರೆದ ಸಾಲುಗಳಲ್ಲಿ ಗಾಡಿಗಳು ಕಾಯುತ್ತವೆ. ಚೀಟಿ ಕೊಳ್ಳುವ ಕಿಂಡಿಯೆಂಬುದಿಲ್ಲ, ಕ್ಯಾಮರಾ ನಂಬರು ಪ್ಲೇಟನ್ನು ಓದಿ ಲೆಕ್ಕವನ್ನು ಆಮೇಲೆ ಕಳಿಸುತ್ತದೆ. ಹಡಗು ದಡ ಮುಟ್ಟಿದೊಡನೆ ಅದರ ಮೂತಿ ಮೇಲಕ್ಕೆ ತೆರೆದುಕೊಳ್ಳುತ್ತದೆ. ಹೊಳೆಯುವ ಅಂಗಿ ತೊಟ್ಟ ಕೆಲಸಗಾರ ಮಾತಿಲ್ಲದೆ ಕೈಸನ್ನೆಯಿಂದಲೇ ಎತ್ತರದ ಗಾಡಿಗಳನ್ನು ಲಾರಿಗಳ ಜತೆಗೆ ನಡುಸಾಲಿಗೆ, ಕಾರುಗಳನ್ನು ಬದಿಗೆ ಹೊಂದಿಸುತ್ತಾನೆ. ಮುಂದಿನ ಗಾಡಿಗೆ ಒಂದು ಗೇಣು ಬಿಟ್ಟು ನಿಲ್ಲಿಸಿ, ಗೇರಿನಲ್ಲಿಯೇ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗ್ಯಾಸಿನ ತಿರುಪನ್ನು ಮುಚ್ಚಿ ಇಳಿದರೆ ಮುಗಿಯಿತು. ಮೇಲಿನ ಕೋಣೆಯಲ್ಲಿ ಕಾಫಿಯ ಜತೆಗೆ ಪಶ್ಚಿಮ ನಾರ್ವೆಯ ಫೆರಿಗಳ ಪ್ರಸಿದ್ಧ ತಿಂಡಿಯಾದ ‘ಸ್ವೇಲೆ’ ಸಿಗುತ್ತದೆ. ನಮ್ಮ ಸೆಟ್ ದೋಸೆಯಂತೆ ದಪ್ಪಗೂ ಮೆತ್ತಗೂ ಇರುವ ಅದನ್ನು ಬೆಣ್ಣೆ ಸಕ್ಕರೆ ಸವರಿ ಮಡಿಸಿ ಕೊಡುತ್ತಾರೆ, ಅದರಲ್ಲಿ ಮೊಟ್ಟೆಯಿರುವುದನ್ನು ಸಸ್ಯಾಹಾರಿಗಳು ಗಮನಿಸಬೇಕು. ಇಪ್ಪತ್ತು ನಿಮಿಷದಲ್ಲಿ ಎದುರಿನ ಒಪ್ಪೆದಾಲ್ ಬರುತ್ತದೆ. ೨೦೧೫ರಲ್ಲಿ ‘ಆಂಪೆರೆ’ ಎಂಬ ಹಡಗು, ಕಾರುಗಳನ್ನು ಸಾಗಿಸುವ ಪೂರ್ಣ ಬ್ಯಾಟರಿಚಾಲಿತ ಫೆರಿಗಳಲ್ಲಿ ಲೋಕಕ್ಕೇ ಮೊದಲನೆಯದಾಗಿ, ಸೇವೆ ಆರಂಭಿಸಿದ್ದು ಇದೇ ಕಡವಿನಲ್ಲಿ.

ಇದೇ ಫ್ಯೋರ್ಡಿನ ಒಳಭಾಗದಲ್ಲಿ ಪ್ರಯಾಣಿಕನ ಮನೋಧರ್ಮವನ್ನು ಪರೀಕ್ಷಿಸುವ ಒಂದು ಸ್ಥಳವಿದೆ. ಔರ್ಲಾಂಡ್ ಮತ್ತು ಲ್ಯಾರ್ದಾಲ್ ಎಂಬ ಎರಡು ಊರುಗಳ ನಡುವೆ ೨೦೦೦ದಲ್ಲಿ ತೆರೆದ, ೨೪.೫ ಕಿಲೋಮೀಟರು ಉದ್ದದ, ರಸ್ತೆಯ ಸುರಂಗಗಳಲ್ಲಿ ಲೋಕದಲ್ಲಿಯೇ ಅತ್ಯಂತ ದೀರ್ಘವಾದ ಸುರಂಗವಿದೆ. ಒಂದೇ ಸಮನಾದ ಕತ್ತಲೆಯಿಂದ ಚಾಲಕನಿಗೆ ಜೊಂಪು ಹತ್ತಬಾರದೆಂದು ಅದರೊಳಗೆ ಮೂರು ಕಡೆ ಬಂಡೆಯನ್ನು ಗವಿಯಂತೆ ಅಗಲಿಸಿ ನೀಲಿಯ ಬೆಳಕನ್ನು ಹಾಯಿಸಿದ್ದಾರೆ. ಅದೇ ಊರುಗಳ ನಡುವೆ ಬೆಟ್ಟದ ಮೇಲೆ ಹಳೆಯ ರಸ್ತೆಯೂ ಇದೆ; ೧,೩೦೬ ಮೀಟರು ಎತ್ತರಕ್ಕೇರುವ ಅದು ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ. ಸುರಂಗ ಇಪ್ಪತ್ತೈದು ನಿಮಿಷದ ದಾರಿ. ಬೆಟ್ಟಕ್ಕೆ ಅರ್ಧ ದಿನ ಬೇಕು. ಬೆಟ್ಟದ ದಾರಿಯಲ್ಲಿ ಸ್ಟೇಗಾಸ್ಟೈನ್ ಎಂಬಲ್ಲಿ, ಫ್ಯೋರ್ಡಿನಿಂದ ೬೫೦ ಮೀಟರು ಮೇಲೆ, ಮರದ ಅಟ್ಟಣೆಯೊಂದು ೩೦ ಮೀಟರು ಹೊರಕ್ಕೆ ಚಾಚಿ ನಿಂತಿದೆ. ಔರ್ಲಾಂಡಿನಿಂದ ಅಲ್ಲಿಯವರೆಗಿನ ಏರು ಬಹಳ ಇಕ್ಕಟ್ಟಾದ್ದರಿಂದ ದೊಡ್ಡ ಗಾಡಿಯವರಿಗೆ ಸುರಂಗವೇ ಗತಿ. ೬ ಮೀಟರಿನ ಮಾತನ್ನು ಮೊದಲೇ ಹೇಳಿದ್ದು ಇಂಥ ಸ್ಥಳಗಳಿಗಾಗಿ.

ಇಂಥ ರಸ್ತೆಗಳಲ್ಲಿ ನೀಲಿ ಫಲಕದ ಮೇಲೆ ಬಿಳಿಯ ‘ಎಂ’ ಅಕ್ಷರ ಅಲ್ಲಲ್ಲಿ ಕಾಣುತ್ತದೆ. ಎದುರುಬದುರಾದ ಗಾಡಿಗಳು ಹಾಯುವುದಕ್ಕೆ ರಸ್ತೆಯನ್ನು ಅಗಲಿಸಿದ ಜಾಗ ಅದು. ಯಾರಿಗೆ ಆ ಜಾಗ ಹತ್ತಿರವೋ ಅವರು ಹಿಂದೆ ಸರಿದ ಮೇಲೆ ಇನ್ನೊಬ್ಬರು ಕೈಯೆತ್ತಿ ವಂದಿಸಿ ಮುಂದೆ ಹೋಗುತ್ತಾರೆ. ಹಿಂದೆ ಊರಿನವರ ಕಾರು ಬಂದು ನಿಂತಿದ್ದರೆ ಬದಿಗೆ ಸರಿದು ದಾರಿ ಬಿಡತಕ್ಕದ್ದು. ನಮ್ಮ ವಿಹಾರದ ದಾರಿ ಅವರಿಗೆ ಕೆಲಸಕ್ಕೆ ಹೋಗುವ ದಾರಿ. ಘಟ್ಟ ಇಳಿಯುವಾಗ ಬ್ರೇಕನ್ನೇ ನೆಚ್ಚಿದರೆ ಅದು ಕಾದು ಸೋಲುತ್ತದೆ; ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲಿಯೇ ಇಳಿಯಬೇಕೆಂಬುದು ಆಗುಂಬೆಯಲ್ಲಿ ಗಾಡಿ ಓಡಿಸಿದವರಿಗೆ ಹೇಳಬೇಕಾದದ್ದಿಲ್ಲ. ೧೯೩೬ರಲ್ಲಿ ತೆರೆದ, ೧೧ ಹೇರ್‌ಪಿನ್ ತಿರುವುಗಳ ಪ್ರಖ್ಯಾತ ತ್ರೊಲ್‌ಸ್ಟೀಗೆನ್ ರಸ್ತೆ ೨೦೨೪ರ ಬೇಸಿಗೆಯಲ್ಲಿ ಬಂಡೆ ಉರುಳುವ ಅಪಾಯದಿಂದ ಮುಚ್ಚಿತ್ತು. ಬೆಟ್ಟದ ಯಾವ ರಸ್ತೆಯನ್ನೇ ನಂಬಿ ಹೊರಟರೂ ಬದಲಿ ದಾರಿಯೊಂದು ಮನಸ್ಸಿನಲ್ಲಿರಬೇಕು. ಉತ್ತರದಲ್ಲಿ ಹಿಮಸಾರಂಗಗಳು ರಸ್ತೆಯ ನಡುವೆಯೇ ನಡೆಯುತ್ತಿರುತ್ತವೆ. ನೋಡುವುದಕ್ಕೆ ಕಾಡುಮೃಗದಂತಿದ್ದರೂ ಅವು ಅಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರ ಸಾಕುಹಿಂಡು; ಪ್ರತಿಯೊಂದರ ಕಿವಿಯಲ್ಲಿಯೂ ಒಡೆಯನ ಗುರುತಿರುತ್ತದೆ. ಹಾರ್ನ್ ಮಾಡಿ ಬೆದರಿಸದೆ, ನಿಂತು ದಾರಿ ಬಿಡಬೇಕು. ಹಗಲಿನಲ್ಲಿಯೂ ಹೆಡ್‌ಲೈಟು ಉರಿಯುತ್ತಿರಬೇಕು. ಮದ್ಯದ ವಿಷಯದಲ್ಲಿ ನಾರ್ವೆ, ಸ್ವೀಡನ್‌ಗಳ ಮಿತಿ ರಕ್ತದಲ್ಲಿ ಸಾವಿರಕ್ಕೆ ೦.೨ ಭಾಗ, ಅಂದರೆ ಕುಡಿದವನು ಓಡಿಸಲೇಬಾರದೆಂದೇ ಅರ್ಥ.

ಕರ್ನಾಟಕದಿಂದ ಹೊರಡುವವರಿಗೆ ಕೆಲವು ಮಾತು. ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್ ನಾಲ್ಕೂ ೨೦೦೧ರಿಂದ ಷೆಂಗೆನ್ ವ್ಯವಸ್ಥೆಯಲ್ಲಿರುವುದರಿಂದ ಒಂದೇ ವೀಸಾ ಸಾಕು. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಸಲ್ಲಿಸಬಹುದು, ಜತೆಗೆ ಕನಿಷ್ಠ ೩೦,೦೦೦ ಯೂರೋಗಳ ಆರೋಗ್ಯ ವಿಮೆ ಬೇಕು. ಮೋಟರ್‌ಹೋಮಿನವರಿಗೆ ಹೋಟೆಲಿನ ಚೀಟಿ ಇರುವುದಿಲ್ಲವಾದ್ದರಿಂದ ವಾಹನದ ಬಾಡಿಗೆಯ ಕರಾರನ್ನೂ, ಕೆಲವು ಕ್ಯಾಂಪಿಂಗ್ ತಾಣಗಳ ಮುಂಗಡದ ರಸೀತಿಯನ್ನೂ, ದಿನವಾರು ಮಾರ್ಗಸೂಚಿಯನ್ನೂ ಲಗತ್ತಿಸುವುದು ಒಳ್ಳೆಯದು. ಊರಿನ ಆರ್.ಟಿ.ಓ. ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಂಡು, ಮೂಲ ಲೈಸೆನ್ಸಿನ ಜತೆಗೇ ಒಯ್ಯಬೇಕು; ಅದರ ಅವಧಿ ಒಂದು ವರ್ಷ. ರಸ್ತೆಯ ಬಲಗಡೆಗೆ ಓಡಿಸುವುದು ನಮಗೆ ಹೊಸದಾದರೂ ಅಸಾಧ್ಯವೇನಲ್ಲ. ೧೯೬೭ರ ಸೆಪ್ಟೆಂಬರ್ ೩ರ ಬೆಳಗಿನ ಜಾವ ಐದು ಗಂಟೆಗೆ ಸ್ವೀಡನ್ ದೇಶವೇ ಎಡದಿಂದ ಬಲಕ್ಕೆ ಬದಲಾಯಿಸಿಕೊಂಡಿತು. ವೃತ್ತಗಳಲ್ಲಿ ಎಡದಿಂದ ಬರುವವರಿಗೆ ಮೊದಲ ಹಕ್ಕು ಎಂಬುದನ್ನು ರೂಢಿಸಿಕೊಂಡು, ಮೊದಲ ದಿನ ಐವತ್ತು ಕಿಲೋಮೀಟರಿಗಿಂತ ಹೆಚ್ಚು ಹೋಗದಿದ್ದರೆ ಸಾಕು.

ಸ್ವಂತ ಒಲೆಯಿರುವುದರಿಂದ ಊಟದ ಚಿಂತೆ ನಮ್ಮವರಿಗೆ ಅರ್ಧಕ್ಕರ್ಧ ಇಳಿಯುತ್ತದೆ. ಸಾರಿನಪುಡಿ, ಹುರಿಗಡಲೆ ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಒಯ್ಯಬಹುದು. ಆದರೆ ಹಾಲು, ಮಾಂಸಗಳ ಯಾವ ಪದಾರ್ಥವನ್ನೂ ಹೊರದೇಶಗಳಿಂದ ತರಲು ಅವಕಾಶವಿಲ್ಲ. ಮನೆಯ ತುಪ್ಪ, ಧಾರವಾಡದ ಪೇಡೆ ಎರಡೂ ಇಲ್ಲಿಯೇ ಉಳಿಯಬೇಕು. ಸ್ವೀಡನ್ನಿನಲ್ಲಿ ಕೊಂಡ ಆಲೂಗಡ್ಡೆಯನ್ನು ಕೂಡ ನಾರ್ವೆಯ ಗಡಿ ದಾಟಿಸುವಂತಿಲ್ಲ, ಅಲ್ಲಿಯ ಬೆಳೆಗೆ ರೋಗ ತಗಲೀತೆಂಬ ಎಚ್ಚರಿಕೆಯಿಂದ. ನಾರ್ವೆಯಲ್ಲಿ ದಿನಸಿ, ಡೀಸೆಲ್ ಎರಡೂ ತುಟ್ಟಿ. ಬೇಳೆ, ಅಕ್ಕಿ, ಎಣ್ಣೆಗಳನ್ನು ಸ್ವೀಡನ್ನಿನಲ್ಲಿಯೇ ತುಂಬಿಕೊಂಡು ದಾಟುವುದು ಜಾಣತನ.

ಬೇಸಿಗೆಗೆ ಬೇಕಾದ ಗಾಡಿಯನ್ನು ಹಿಂದಿನ ಚಳಿಗಾಲದಲ್ಲಿಯೇ ಗೊತ್ತುಮಾಡುವುದು ಕ್ಷೇಮ. ಒಂದು ನಗರದಲ್ಲಿ ಪಡೆದು ಇನ್ನೊಂದು ನಗರದಲ್ಲಿ ಒಪ್ಪಿಸುವುದಕ್ಕೆ ಹೆಚ್ಚಿನ ಶುಲ್ಕವಿರುತ್ತದೆಯಾದ್ದರಿಂದ ಹೊರಟಲ್ಲಿಗೇ ಮರಳುವಂತೆ ಮಾರ್ಗವನ್ನು ಹೆಣೆಯಬೇಕು. ಪಡೆಯುವಾಗ ಗಾಜಿನ ಮೇಲಿನ ಚುಕ್ಕೆ, ಮೈಮೇಲಿನ ಗೀರು ಎಲ್ಲವನ್ನೂ ಫೋಟೋ ತೆಗೆದುಕೊಂಡು, ನೀರಿನ ಪಂಪು, ಹೀಟರು, ಫ್ರಿಜ್ಜು ಇವನ್ನು ಒಂದೊಂದಾಗಿ ನಡೆಸಿ ನೋಡಿ, ಶೌಚದ ಪೆಟ್ಟಿಗೆಯನ್ನು ಕಳಚಿ ಕೂಡಿಸುವ ಬಗೆಯನ್ನು ಅಲ್ಲಿಯೇ ಕಲಿತುಕೊಳ್ಳಬೇಕು. ಒಪ್ಪಿಸುವಾಗ ಡೀಸೆಲ್ ತುಂಬಿರಬೇಕು, ಕೊಳೆನೀರಿನ ತೊಟ್ಟಿ ಬರಿದಾಗಿರಬೇಕು, ಒಳಗು ಗುಡಿಸಿ ಒರಸಿರಬೇಕು ಎಂಬುದು ಸಾಮಾನ್ಯ ಕರಾರು. ಒಪ್ಪಿಸುವ ಹೊತ್ತು ಬೆಳಿಗ್ಗೆಯೇ ಇರುವುದು ವಾಡಿಕೆಯಾದ್ದರಿಂದ, ಕೊನೆಯ ರಾತ್ರಿಗೆ ಆ ನಗರದಿಂದ ಒಂದು ಗಂಟೆಯ ದಾರಿಯೊಳಗಿನ, ತೊಟ್ಟಿ ಬರಿದುಮಾಡುವ ಅನುಕೂಲವಿರುವ ಕ್ಯಾಂಪಿಂಗ್ ತಾಣವನ್ನು ಹೊರಡುವ ಮೊದಲೇ ಕಾದಿರಿಸಿಕೊಳ್ಳತಕ್ಕದ್ದು.